ಹೊಸಬರಿಗೆ ಯಾವ ಬಣ್ಣದ ಮೀನು?

(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬಣ್ಣದ ಮೀನು ಸಾಕಬೇಕೆಂದು ನಮ್ಮಲ್ಲಿಗೆ ಬರುವವರು ಕೇಳುವ ಮೊದಲನೆಯ ಪ್ರಶ್ನೆ, “ಯಾವ ಮೀನಿಗೆ ಹೆಚ್ಚು ಬೆಲೆ ಇದೆ ಸಾರ್?” ಎಂಬುದು. ನಾನು ಅವರನ್ನು ತಿರುಗಿ ಕೇಳುವುದು ಬೇರೆ: “ಮೂರು ತಿಂಗಳು ಕಳೆದ ಮೇಲೂ ನಿಮ್ಮ ತೊಟ್ಟಿಯಲ್ಲಿ ಯಾವ ಮೀನು ಬದುಕಿರುತ್ತದೆ?” ಹಸು ಕಟ್ಟಿ ಅಭ್ಯಾಸವಿಲ್ಲದವರು ಮೊದಲ ದಿನವೇ ಸಾಲ ಮಾಡಿ ದುಬಾರಿ ಮಿಶ್ರತಳಿ ಹಸು ತಂದರೆ ಏನಾಗುತ್ತದೆಂಬುದು ನಿಮಗೆ ತಿಳಿದದ್ದೇ. ಮೀನಿನಲ್ಲಿಯೂ ಅಷ್ಟೆ. ಡಿಸ್ಕಸ್, ಏಂಜೆಲ್ ಮುಂತಾದವು ಕೈ ಪಳಗಿದವರಿಗೆ ಇರಲಿ. ಹೊಸಬರು ಸುಲಭವಾಗಿ ಮರಿಯಾಗುವ ಮೀನಿನಿಂದಲೇ ಆರಂಭಿಸಬೇಕು.

ಮರಿ ಹಾಕುವ ನಾಲ್ಕು ಮೀನುಗಳು

ಗಪ್ಪಿ, ಪ್ಲಾಟಿ, ಮೋಲಿ ಮತ್ತು ಸ್ವೋರ್ಡ್‌ಟೇಲ್ ಅಂದರೆ ಕತ್ತಿಬಾಲ – ಈ ನಾಲ್ಕೂ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತವೆ. ಇವುಗಳ ಮೂಲ ಅಮೆರಿಕ ಖಂಡ. ಗಪ್ಪಿ ದಕ್ಷಿಣ ಅಮೆರಿಕದ ಉತ್ತರ ಭಾಗದ್ದು. ಪ್ಲಾಟಿ ಮತ್ತು ಕತ್ತಿಬಾಲ ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕದವು. ಹುಟ್ಟಿದ ಮರಿ ಆಗಲೇ ಈಜುತ್ತದೆ, ಪುಡಿ ಆಹಾರ ತಿನ್ನುತ್ತದೆ. ಮೊಟ್ಟೆ ಕಾಯುವ, ಬೂಷ್ಟು ಹಿಡಿಯುವ ತೊಂದರೆ ಇಲ್ಲ.

ಇನ್ನೊಂದು ಅನುಕೂಲವನ್ನು ನಮ್ಮ ಬಯಲುಸೀಮೆಯವರು ಗಮನಿಸಬೇಕು. ಕೊಳವೆ ಬಾವಿಯ ಗಡಸು ನೀರು ಎಂದು ನಾವು ಬೇಸರಪಡುತ್ತೇವೆ. ಆದರೆ ಈ ನಾಲ್ಕು ಮೀನುಗಳಿಗೆ, ಅದರಲ್ಲೂ ಮೋಲಿಗೆ, ಗಡಸು ನೀರೇ ಒಗ್ಗುತ್ತದೆ. ಮಲೆನಾಡು, ಕರಾವಳಿಯ ಮೆದು ನೀರಿನವರು ಗಪ್ಪಿಯ ನಂತರ ಬಾರ್ಬ್, ಗೌರಾಮಿಗಳ ಕಡೆ ಯೋಚಿಸಬಹುದು.

ಗಂಡು–ಹೆಣ್ಣು ಗುರುತಿಸುವುದು ಕಷ್ಟವಲ್ಲ. ಗಂಡಿನ ಹೊಟ್ಟೆಯ ಕೆಳಗಿನ, ಗುದದ್ವಾರದ ಹಿಂದಿನ ರೆಕ್ಕೆ ಕಡ್ಡಿಯಂತೆ ಚೂಪಾಗಿರುತ್ತದೆ. ಹೆಣ್ಣಿನದು ಬೀಸಣಿಗೆಯಂತೆ ಅಗಲವಾಗಿರುತ್ತದೆ. ಗಪ್ಪಿಯಲ್ಲಿ ಗಂಡು ಚಿಕ್ಕದು, ಬಣ್ಣ ಹೆಚ್ಚು. ಗಬ್ಬವಾದ ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ.

ತೊಟ್ಟಿ ಮತ್ತು ನೀರು

ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಸಿಮೆಂಟ್ ತೊಟ್ಟಿಯಲ್ಲಿ ಒಂದು ಅಡಿ ನೀರು ನಿಲ್ಲಿಸಿದರೆ ಸುಮಾರು 340 ಲೀಟರು ಆಗುತ್ತದೆ. ಇಂತಹ ಮೂರು ತೊಟ್ಟಿಗಳು ಆರಂಭಕ್ಕೆ ಸಾಕು: ಒಂದು ತಾಯಿ ಮೀನಿಗೆ, ಒಂದು ಮರಿಗೆ, ಒಂದು ಬೆಳೆಯುವ ಮೀನಿಗೆ. ಬೆಳೆಯುವ ಮೀನಿನ ತೊಟ್ಟಿಗೆ ನಡುವೆ ಬಲೆ ಕಟ್ಟಿ ಎರಡು ಭಾಗ ಮಾಡಿಕೊಳ್ಳಿ.

ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಬಿಡುತ್ತದೆ. ನಾನು ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ಅವಸರಪಟ್ಟು, ಕಟ್ಟಿದ ವಾರದೊಳಗೇ ಒಂದು ತೊಟ್ಟಿಗೆ ಮೀನು ಬಿಟ್ಟೆ. ಬೆಳಗಾಗುವುದರೊಳಗೆ ಒಂದೂ ಉಳಿಯಲಿಲ್ಲ. ಆ ಪಾಠಕ್ಕೆ ನೀವು ಮತ್ತೆ ಹಣ ತೆರಬೇಕಾಗಿಲ್ಲ. ಎರಡು ಮೂರು ವಾರ ನೀರು ತುಂಬಿ, ನಾಲ್ಕೈದು ದಿನಕ್ಕೊಮ್ಮೆ ಚೆಲ್ಲಿ, ಗೋಡೆ ಉಜ್ಜಿ ತೊಳೆಯಿರಿ. ಮೊದಲು ನಾಲ್ಕು ಮೀನು ಮಾತ್ರ ಬಿಟ್ಟು ಎರಡು ದಿನ ನೋಡಿ. ನಲ್ಲಿ ನೀರಾಗಲಿ, ಕೊಳವೆ ಬಾವಿ ನೀರಾಗಲಿ ಒಂದು ದಿನ ಬಯಲಲ್ಲಿ ನಿಲ್ಲಿಸಿಯೇ ಬಳಸಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು, ಪೂರ್ತಿ ಬದಲಿಸಬಾರದು. ಮೇಲೆ ನೈಲಾನ್ ಬಲೆ ಹೊದಿಸದಿದ್ದರೆ ಮಿಂಚುಳ್ಳಿ ಹಕ್ಕಿ ಮೀನನ್ನು ಒಯ್ಯುತ್ತದೆ. ಏರೋಪ್ಲೇನ್ ಚಿಟ್ಟೆ ನೀರಿನಲ್ಲಿ ಮೊಟ್ಟೆಯಿಟ್ಟು, ಅದರ ಹುಳುಗಳು ಮರಿಗಳನ್ನು ತಿಂದು ಮುಗಿಸುತ್ತವೆ.

ಮರಿ ಉಳಿಸುವುದೇ ಕಸುಬು

ಐದು ಗಂಡು, ಹದಿನೈದು ಹೆಣ್ಣು ಗಪ್ಪಿಗಳಿಂದ ಆರಂಭಿಸಿ. ಒಂದು ಹೆಣ್ಣು ಒಂದು ಸಲಕ್ಕೆ ಸರಾಸರಿ 30 ಮರಿ ಹಾಕಿತೆಂದು ಇಟ್ಟುಕೊಂಡರೆ ತಿಂಗಳಿಗೆ 450 ಮರಿ. ಈ ಲೆಕ್ಕ ಕಾಗದದ ಮೇಲೆ ಸರಿ. ತೊಟ್ಟಿಯಲ್ಲಿ ತಾಯಿಯೇ ತನ್ನ ಮರಿಯನ್ನು ತಿನ್ನುತ್ತದೆ. ಆದುದರಿಂದ ಹೊಟ್ಟೆ ತುಂಬಿದ ಹೆಣ್ಣನ್ನು ಬಲೆಯ ಪಂಜರದಲ್ಲಿ ಬಿಡಬೇಕು. ಬಲೆಯ ಕಣ್ಣು ಮರಿ ಹೊರಗೆ ನುಸುಳುವಷ್ಟು, ತಾಯಿ ನುಸುಳದಷ್ಟು ಇರಲಿ. ತೊಟ್ಟಿಯಲ್ಲಿ ಹೈಡ್ರಿಲ್ಲಾದಂತಹ ನೀರುಗಿಡ ದಟ್ಟವಾಗಿದ್ದರೂ ಮರಿಗಳಿಗೆ ಆಸರೆ ಸಿಗುತ್ತದೆ.

ಮರಿಗಳಿಗೆ ನುಣ್ಣಗೆ ಪುಡಿ ಮಾಡಿದ ಆಹಾರವನ್ನು ದಿನಕ್ಕೆ ಮೂರು ನಾಲ್ಕು ಸಲ, ಚಿಟಿಕೆಯಷ್ಟೇ ಕೊಡಿ. ದೊಡ್ಡವಕ್ಕೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಮೀನಿನ ಪುಡಿ ಬೆರೆಸಿದ ಆಹಾರ ಸಾಕು. ಸೊಳ್ಳೆ ಮರಿ ಸಿಕ್ಕರೆ ಇನ್ನೂ ಒಳ್ಳೆಯದು. ಐದು ನಿಮಿಷದಲ್ಲಿ ತಿಂದು ಮುಗಿಸದೆ ಉಳಿದರೆ ಅದು ಆಹಾರವಲ್ಲ, ನೀರು ಕೆಡಿಸುವ ಕೊಳೆ.

ಇಲ್ಲಿ ಬಹಳ ಜನ ತಪ್ಪುವ ಒಂದು ಮಾತಿದೆ. ಹೆಣ್ಣು ಗಪ್ಪಿ ಒಮ್ಮೆ ಗಂಡಿನೊಡನೆ ಕೂಡಿದರೆ ಆ ವೀರ್ಯವನ್ನು ಒಡಲಲ್ಲೇ ಇಟ್ಟುಕೊಂಡು ಹಲವು ಸಲ ಮರಿ ಹಾಕಬಲ್ಲದು. ಅಂಗಡಿಯಿಂದ ತಂದ ಹೆಣ್ಣು ಯಾವ ಗಂಡಿನ ಮರಿ ಹೊತ್ತಿದೆಯೋ ಹೇಳಲಾಗದು. ನೀವು ಬಿಟ್ಟ ಕೆಂಪು ಗಂಡಿಗೆ ಬಣ್ಣಗೆಟ್ಟ ಮರಿಗಳು ಹುಟ್ಟಿದವೆಂದು ಬೇಸರಪಡಬೇಡಿ. ನಿಮ್ಮಲ್ಲೇ ಹುಟ್ಟಿದ ಮರಿಗಳನ್ನು, ಗುರುತು ಹತ್ತಿದ ಕೂಡಲೇ, ನಾಲ್ಕರಿಂದ ಆರು ವಾರದೊಳಗೆ ಗಂಡು ಬೇರೆ, ಹೆಣ್ಣು ಬೇರೆ ಮಾಡಿ. ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ಜೋಡಿ ಮಾಡಿದಾಗಲೇ ತಳಿ ನಿಮ್ಮದಾಗುತ್ತದೆ. ಆಗಾಗ್ಗೆ ಹೊರಗಿನಿಂದ ಅದೇ ತಳಿಯ ಬೇರೆ ಗಂಡು ತನ್ನಿ. ಪ್ಲಾಟಿ ಮತ್ತು ಕತ್ತಿಬಾಲವನ್ನು ಒಂದೇ ತೊಟ್ಟಿಯಲ್ಲಿ ಬಿಡಬೇಡಿ, ಬೆರಕೆಯಾಗುತ್ತವೆ.

ಮುಂದಿನ ಮೆಟ್ಟಿಲು

ಗಪ್ಪಿ ಕೈ ಹತ್ತಿದ ಮೇಲೆ ಮೊಟ್ಟೆಯಿಡುವ ಮೀನಿಗೆ ಹೋಗಿ. ನಮ್ಮ ದೇಶದ್ದೇ ಆದ ಜೀಬ್ರಾ ಮೀನು ಇದಕ್ಕೆ ತಕ್ಕದ್ದು. ಗಾಜಿನ ತೊಟ್ಟಿಯ ತಳದಲ್ಲಿ ಮಕ್ಕಳಾಡುವ ಗೋಲಿಗಳನ್ನು ಹರಡಿ, ಸಂಜೆ ಜೋಡಿ ಬಿಟ್ಟರೆ ಬೆಳಗಿನ ಜಾವ ಮೊಟ್ಟೆಯಿಡುತ್ತವೆ. ಮೊಟ್ಟೆ ಗೋಲಿಗಳ ಸಂದಿಗೆ ಬೀಳುವುದರಿಂದ ತಂದೆತಾಯಿಗಳ ಬಾಯಿಗೆ ಸಿಗುವುದಿಲ್ಲ. ಕೂಡಲೇ ದೊಡ್ಡ ಮೀನು ತೆಗೆಯಿರಿ. ಎರಡು ಮೂರು ದಿನಗಳಲ್ಲಿ ಮೊಟ್ಟೆ ಒಡೆಯುತ್ತವೆ.

ಮಾರಾಟ ಮತ್ತು ಹೊಣೆ

ಸುಲಭವಾಗಿ ಮರಿಯಾಗುವ ಮೀನು ನಿಮಗೆ ಸುಲಭವಾದಂತೆ ಎಲ್ಲರಿಗೂ ಸುಲಭ. ಆದ್ದರಿಂದ ಬೆರಕೆ ಗಪ್ಪಿಗೆ ಬೆಲೆ ಕಡಿಮೆ. ಲಾಭ ಇರುವುದು ಸಂಖ್ಯೆಯಲ್ಲಲ್ಲ. ಒಂದೇ ಬಣ್ಣದ, ಒಂದೇ ಗಾತ್ರದ, ರೋಗವಿಲ್ಲದ ಮೀನಿನಲ್ಲಿ. ತೊಟ್ಟಿ ಹೆಚ್ಚಿಸುವ ಮೊದಲು ಹತ್ತಿರದ ಪಟ್ಟಣದ ನಾಲ್ಕು ಅಂಗಡಿಗಳಿಗೆ ಹೋಗಿ ಯಾವುದು, ಎಷ್ಟು ಬೇಕೆಂದು ಕೇಳಿ. ಸಹಾಯಧನದ ವಿಚಾರವನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಆದರೆ ಸಹಾಯಧನ ನಂಬಿ ಕಸುಬು ಹಿಡಿಯಬೇಡಿ.

ಕೊನೆಯದಾಗಿ ಒಂದು ಬಿನ್ನಹ. ಮಾರಾಟವಾಗದ ಮೀನನ್ನು ಊರ ಕೆರೆಗೋ ಹಳ್ಳಕ್ಕೋ ಬಿಡಬೇಡಿ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ಇಂದು ದಕ್ಷಿಣ ಭಾರತದ ಎಷ್ಟೋ ಕೆರೆಗಳನ್ನು ಹೊಕ್ಕು ಬೆಸ್ತರ ಬಲೆ ಹರಿಯುತ್ತಿದೆ. ಸುಲಭವಾಗಿ ಮರಿಯಾಗುವ ಗುಣ ತೊಟ್ಟಿಯಲ್ಲಿ ವರ. ಕೆರೆಯಲ್ಲಿ ಅದೇ ಶಾಪ. ನಮ್ಮ ಕಸುಬು ನಮ್ಮ ತೊಟ್ಟಿಯೊಳಗೇ ಇರಲಿ.

ಒಂದು ಜಾತಿ, ಮೂರು ತೊಟ್ಟಿ, ಆರು ತಿಂಗಳ ತಾಳ್ಮೆ. ಇಷ್ಟರಿಂದ ಆರಂಭಿಸಿ.