ಗಿರಾಕಿಯೂ ಗುಮಾಸ್ತನೂ

ಹಬ್ಬಕ್ಕೆ ಮುಂಚಿನ ವಾರ. ತಂಗಿಗೆ ಒಂದು ಸೀರೆ ಕೊಳ್ಳಬೇಕೆಂದು ಜವಳಿ ಅಂಗಡಿಗೆ ಹೋಗುತ್ತೀರಿ. ಇಂಥ ಬಣ್ಣ, ಇಷ್ಟು ಹಣ ಎಂದು ಮನೆಯಲ್ಲಿಯೇ ನಿಶ್ಚಯಿಸಿಕೊಂಡಿದ್ದೀರಿ. ಅರ್ಧ ಗಂಟೆಯ ಮೇಲೆ ಹೊರಗೆ ಬಂದಾಗ ನಿಮ್ಮ ಕೈಯಲ್ಲಿರುವುದು ಬೇರೊಂದು ಬಣ್ಣದ, ಬೇರೊಂದು ಬೆಲೆಯ ಸೀರೆ. ಆದರೂ ನಿಮಗೆ ಸಮಾಧಾನವಾಗಿದೆ. ನಿಮ್ಮ ನಿಶ್ಚಯವನ್ನು ಬದಲಾಯಿಸಿದ್ದು ಯಾವುದು?

ಮೊದಲ ಕಾರಣ, ಜೇಬು. ಅದನ್ನು ಮೀರಿ ಯಾರೂ ಬಹಳ ದೂರ ಹೋಗಲಾರರು. ಎರಡನೆಯದು ರೂಢಿ: ತಂದೆಯವರು ಹೋಗುತ್ತಿದ್ದ ಅಂಗಡಿಗೇ ನಮ್ಮ ಕಾಲೂ ಎಳೆಯುತ್ತದೆ. ಮೂರನೆಯದು ನೆರೆಹೊರೆ: ಎದುರುಮನೆಯವರು ಉಟ್ಟದ್ದು ನಮ್ಮ ಕಣ್ಣಿಗೂ ಚೆನ್ನಾಗಿ ಕಾಣುತ್ತದೆ. ಇನ್ನು ವ್ಯಾಪಾರಿಯ ಜಾಣತನವೂ ಉಂಟು. 500 ರೂಪಾಯಿಯ ವಸ್ತುವಿಗೆ 499 ಎಂದು ಚೀಟಿ ಅಂಟಿಸುತ್ತಾನೆ; ಕಣ್ಣು ಮೊದಲು ಕಾಣುವುದು ನಾಲ್ಕನ್ನು. ಉಳಿತಾಯವಾದದ್ದು ಒಂದೇ ರೂಪಾಯಿ. ಮನಸ್ಸಿಗೆ ಮಾತ್ರ ನೂರು ಉಳಿದಂತೆ ತೋರುತ್ತದೆ.

ಹಾಗಾದರೆ ಅಂಗಡಿಯಲ್ಲಿ ಸರಕು ಹೆಚ್ಚಿದಷ್ಟೂ ವ್ಯಾಪಾರ ಹೆಚ್ಚುತ್ತದೆಯೇ? ಹೌದೆನ್ನುವುದು ವಾಡಿಕೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ದಿನಸಿ ಅಂಗಡಿಯಲ್ಲಿ ಇದನ್ನು ಪರೀಕ್ಷಿಸಿ, 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೇಜಿನ ಮೇಲೆ 24 ಬಗೆಯ ಜಾಮ್ ಇಟ್ಟಾಗ 145 ಮಂದಿ ನಿಂತು ನೋಡಿದರು. ಕೊಂಡವರು 4 ಮಂದಿ. ಆರೇ ಬಗೆ ಇಟ್ಟಾಗ ನಿಂತವರು 104, ಕೊಂಡವರು 31. ಮುಂದೆ ಬೇರೆಯವರು ನಡೆಸಿದ ಪರೀಕ್ಷೆಗಳಲ್ಲೆಲ್ಲ ಇದೇ ಫಲ ಬರಲಿಲ್ಲವೆಂಬುದೂ ನಿಜ. ಆದರೆ ಮುಂದೆ ರಾಶಿ ಬಿದ್ದ ಸೀರೆಗಳನ್ನು ಕಂಡು ತಲೆ ತಿರುಗಿ, "ಇನ್ನೊಮ್ಮೆ ಬರುತ್ತೇವೆ" ಎಂದು ಎದ್ದು ಬಂದವರಿಗೆ ಇದರ ಅರ್ಥ ತಿಳಿಯದೆ ಇರದು.

ಆ ರಾಶಿಯಿಂದ ಆರನ್ನು ಆರಿಸಿ ನಿಮ್ಮ ಮುಂದಿಡುವವನು ಅಂಗಡಿಯ ಗುಮಾಸ್ತ. ಯಾರಿಗೆ, ಯಾವ ಕಾರ್ಯಕ್ಕೆ, ಎಷ್ಟರೊಳಗೆ ಎಂದು ಎರಡು ಮಾತಿನಲ್ಲಿ ಕೇಳಿ ತಿಳಿಯುತ್ತಾನೆ. "ಇದು ಒಗೆದರೆ ಬಣ್ಣ ಬಿಡುತ್ತದೆ, ಬೇಡಿ ತಾಯಿ" ಎಂದು ಒಂದು ಸೀರೆಯನ್ನು ತಾನೇ ಬದಿಗೆ ಸರಿಸುತ್ತಾನೆ. ಆ ಒಂದು ಮಾತಿನಿಂದ ಉಳಿದ ಐದರ ಮೇಲೆ ನಿಮಗೆ ನಂಬಿಕೆ ಹುಟ್ಟುತ್ತದೆ. ಈಗ ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ಸೀರೆ ತರಿಸಿಕೊಳ್ಳಬಹುದು. ಆದರೂ ಜನ ಅಂಗಡಿಗೆ ಬರುತ್ತಾರಾದರೆ, ಬಟ್ಟೆಯನ್ನು ಮುಟ್ಟಿ ನೋಡುವ ಆಸೆಯ ಜೊತೆಗೆ ಈ ನಂಬಿಕೆಯೂ ಕಾರಣ.

ಆ ಗುಮಾಸ್ತ ಮನಸ್ಸಿಟ್ಟು ಕೆಲಸ ಮಾಡುವುದು ಯಾವಾಗ? ಇಲ್ಲಿಯೂ ಮೊದಲ ಕಾರಣ ಜೇಬೇ. ತಿಂಗಳ ಸಂಬಳ ಸಾಲದವನಿಗೆ ಉಪದೇಶ ಹೇಳಿ ಫಲವಿಲ್ಲ. ಆದರೆ ಸಂಬಳದಿಂದಲೇ ಎಲ್ಲವೂ ಆಗುವುದೆ? ಷಿಕಾಗೋ ನಗರದ ಬಳಿ, ಹಾಥಾರ್ನ್ ಎಂಬಲ್ಲಿನ ಟೆಲಿಫೋನ್ ಉಪಕರಣಗಳ ಕಾರ್ಖಾನೆಯಲ್ಲಿ 1924ರಿಂದ ಕೆಲವು ಪ್ರಯೋಗಗಳು ನಡೆದವು. ಬೆಳಕು ಹೆಚ್ಚಿಸಿದರೆ ಕೆಲಸ ಹೆಚ್ಚುವುದೇ ಎಂಬುದು ಮೊದಲ ಪ್ರಶ್ನೆ. ಆದರೆ ಬೆಳಕು ಹೆಚ್ಚಿಸದೆ ಬಿಟ್ಟವರ ಕೆಲಸವೂ ಹೆಚ್ಚಿತು! 1927ರಲ್ಲಿ ಐವರು ಹೆಂಗಸರನ್ನು ಬೇರೊಂದು ಕೊಠಡಿಯಲ್ಲಿ ಕೂರಿಸಿ, ನಡುನಡುವೆ ವಿಶ್ರಾಂತಿ ಕೊಟ್ಟು, ಅವರ ಅಭಿಪ್ರಾಯ ಕೇಳುತ್ತ ಬಂದರು. ಕೆಲಸ ಹೆಚ್ಚುತ್ತಲೇ ಹೋಯಿತು. ತಮ್ಮನ್ನು ಲೆಕ್ಕಕ್ಕೆ ಇಟ್ಟಿದ್ದಾರೆಂಬ ಭಾವನೆಯೇ ಇದಕ್ಕೆ ಕಾರಣವೆಂದು ಬಹುಕಾಲ ಹೇಳಲಾಯಿತು. ಮುಂದೆ ಬಂದ ವಿದ್ವಾಂಸರು ತಕರಾರು ತೆಗೆದರು: ಕೂಲಿಯ ಕ್ರಮವೂ ಬದಲಾಗಿತ್ತು, ಐವರಲ್ಲಿ ಇಬ್ಬರನ್ನು ನಡುವೆಯೇ ಬದಲಿಸಿದ್ದರು ಎಂದು. ಆ ತಕರಾರು ನ್ಯಾಯವಾದದ್ದೇ. ಕೂಲಿ, ವಿಶ್ರಾಂತಿ, ಮರ್ಯಾದೆ ಇವು ಮೂರೂ ಬೇಕೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಇದಕ್ಕೆ ದೂರದ ದೇಶವೇ ಬೇಡ. ನೆರೆಯ ಕೇರಳದ ಜವಳಿ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ದಿನವೆಲ್ಲ ಕೂರುವ ಅವಕಾಶವೇ ಇರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿಯೂ ನಿಂತೇ ಇರಬೇಕು. ಕುಳಿತ ನೌಕರಳನ್ನು ಕಂಡರೆ ಗಿರಾಕಿಗೆ ಅಸಡ್ಡೆಯೆನಿಸೀತು ಎಂಬುದು ಯಜಮಾನರ ಎಣಿಕೆ. ಕಲ್ಲಿಕೋಟೆಯ ಹೆಂಗಸರು ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಸರ್ಕಾರ ಕಾನೂನನ್ನು ತಿದ್ದಿ, ಅಂಗಡಿಯ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂದು ವಿಧಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಒಂದು ಕುರ್ಚಿಗಾಗಿ ಒಂದು ಕಾನೂನೇ ಬೇಕಾಯಿತು!

ಈ ಮಾತನ್ನು ನಾನು ಹೇಳುತ್ತಿರುವುದು ಅಂಗಡಿಯ ಯಜಮಾನರಿಗೆ ಮಾತ್ರವಲ್ಲ, ನಿಮಗೂ. ಅವರನ್ನು ನಿಲ್ಲಿಸಿದ್ದು ನಿಮ್ಮ ಹೆಸರಿನಲ್ಲಿ. ಗಿರಾಕಿಗೆ ಇಷ್ಟವಾಗದು ಎಂಬ ನೆಪದಲ್ಲಿ. ಬೆಳಗಿನಿಂದ ನಿಂತು ಕಾಲು ಬಾತವರು ಸಂಜೆ ನಿಮಗಾಗಿ ಇಪ್ಪತ್ತನೆಯ ಸೀರೆಯನ್ನು ಬಿಚ್ಚುವಾಗ ನಗುಮುಖ ಎಲ್ಲಿಂದ ಬಂದೀತು? ಆಕೆ ಬೇಗ ಮುಗಿದರೆ ಸಾಕೆಂದುಕೊಳ್ಳುತ್ತಾಳೆ; ನಿಮಗೆ ಒಪ್ಪುವ ಸೀರೆ ಮೇಲಿನ ಅರೆಯಲ್ಲಿಯೇ ಉಳಿಯುತ್ತದೆ. ನಷ್ಟ ಮೂವರಿಗೂ.

ಆದ್ದರಿಂದ ಮುಂದಿನ ಸಲ ಅಂಗಡಿಗೆ ಹೋದಾಗ ಬೆಲೆಯ ಚೀಟಿಯನ್ನು ನೋಡುವ ಮೊದಲು ಒಮ್ಮೆ ಆಚೆ ಬದಿಗೆ ಕಣ್ಣು ಹಾಯಿಸಿ. ಅಲ್ಲಿ ಕೂರಲು ಒಂದು ಸ್ಟೂಲಾದರೂ ಇದೆಯೇ? ಇಲ್ಲದಿದ್ದರೆ, ಹಣ ಕೊಡುವಾಗ ಗಲ್ಲಾದ ಬಳಿ ಯಜಮಾನರಿಗೆ ಮೆಲ್ಲನೆ ಹೇಳಿ: "ನಿಮ್ಮವರು ಕುಳಿತಿದ್ದರೆ ನಮಗೇನೂ ಬೇಸರವಿಲ್ಲ, ಸ್ವಾಮಿ." ಕಾನೂನು ಹೇಳಿದ್ದಕ್ಕಿಂತ ಗಿರಾಕಿ ಹೇಳಿದ್ದು ವ್ಯಾಪಾರಿಯ ಕಿವಿಗೆ ಬೇಗ ಬೀಳುತ್ತದೆ.