ಕಾಂಡ್ಲಾ ಎಲೆಯೊಳಗಿನ ನಿವಾಸಿಗಳು



ಶಿಲೀಂಧ್ರವೆಂಬ ಮಾತು ಕಿವಿಗೆ ಬಿದ್ದೊಡನೆ ಮಲೆನಾಡಿನ ಕೃಷಿಕನ ಕಣ್ಣೆದುರು ನಿಲ್ಲುವುದು ಅಡಿಕೆಯ ಕೊಳೆರೋಗ. ಅದರ ಬೆನ್ನಿಗೇ ಮೈಲುತುತ್ತು, ಸುಣ್ಣ. (ಕೊಳೆ ತರುವ ಫೈಟಾಫ್ತೊರಾವನ್ನು ಇಂದಿನ ವರ್ಗೀಕರಣ ನಿಜವಾದ ಶಿಲೀಂಧ್ರಗಳ ಸಾಲಿನಿಂದ ಹೊರಗಿಟ್ಟಿದೆ. ತೋಟದಲ್ಲಿ ನಿಂತವನಿಗೆ ಅದರಿಂದ ಯಾವ ಸಮಾಧಾನವೂ ಇಲ್ಲ.) ಆದರೆ ರೋಗ ತೋರಿಸದೆ, ಗಿಡದ ಒಳಗೇ ಸದ್ದಿಲ್ಲದೆ ಬಾಳುವ ಶಿಲೀಂಧ್ರಗಳ ಲೋಕವೊಂದಿದೆ. ವಿಜ್ಞಾನದಲ್ಲಿ ಅವುಗಳ ಹೆಸರು ಎಂಡೋಫೈಟ್. ಅಂತರ್ವಾಸಿಗಳೆಂದು ಕರೆಯಬಹುದು. ಕಡಲಂಚಿನ ಕಾಂಡ್ಲಾ ಮರಗಳೊಳಗೂ ಇವು ನೆಲೆಸಿವೆ.

ಇವುಗಳನ್ನು ಕಾಣುವ ವಿಧಾನ ಸರಳವಾದದ್ದು. ಆರೋಗ್ಯವಂತ ಎಲೆಯನ್ನು ತೊಳೆದು, ತುಣುಕುಗಳಾಗಿ ಕತ್ತರಿಸಿ, ಮದ್ಯಸಾರ ಮತ್ತು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಗಳಲ್ಲಿ ಅದ್ದಿ ಹೊರಮೈಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಾರೆ. ಬಳಿಕ ಅಗಾರ್ ತಟ್ಟೆಯಲ್ಲಿಟ್ಟು ಕಾಯುತ್ತಾರೆ. ಕೆಲವು ದಿನಗಳಲ್ಲಿ ತುಣುಕಿನ ಅಂಚಿನಿಂದ ಬಿಳಿ, ಬೂದು, ಕಪ್ಪು ಎಳೆಗಳು ಹೊರಬರುತ್ತವೆ. ಹೊರಮೈ ಶುದ್ಧವಾಗಿದ್ದುದರಿಂದ ಅವು ಒಳಗಿನವೇ ಸರಿ. ಎಷ್ಟೋ ಎಳೆಗಳು ಬೀಜಕಗಳನ್ನೇ ಬಿಡುವುದಿಲ್ಲ. ಅವುಗಳನ್ನು ಗುರುತಿಸಲು ಡಿಎನ್‌ಎ ಪರೀಕ್ಷೆಯೇ ಬೇಕು. ತಟ್ಟೆಯಲ್ಲಿ ಬೆಳೆಯಲೊಲ್ಲದವೂ ಇವೆ. ಆದ್ದರಿಂದ ಯಾವ ಪಟ್ಟಿಯೂ ಪೂರ್ಣವಲ್ಲ.

ತಮಿಳುನಾಡಿನ ಪಿಚ್ಚಾವರಂನಲ್ಲಿ ಟಿ. ಎಸ್. ಸೂರ್ಯನಾರಾಯಣನ್ ಮತ್ತು ಸಂಗಡಿಗರು 1998ರಲ್ಲಿ ಎರಡು ಜಾತಿಯ ರೈಜೋಫೋರಾ ಎಲೆಗಳ ಅಧ್ಯಯನವನ್ನು ಪ್ರಕಟಿಸಿದರು. ಮಳೆಯ ತಿಂಗಳುಗಳಲ್ಲಿ ಅಂತರ್ವಾಸಿಗಳು ಹೆಚ್ಚಾಗಿ ದೊರೆತಿದ್ದವು. ನಮ್ಮ ಕರಾವಳಿಯ ಉದ್ಯಾವರದ ಕಾಂಡ್ಲಾ ಬೇರುಗಳನ್ನು ಮಂಗಳೂರು ವಿಶ್ವವಿದ್ಯಾಲಯದ ಕೆ. ಆನಂದ ಮತ್ತು ಕೆ. ಆರ್. ಶ್ರೀಧರ್ ಪರಿಶೀಲಿಸಿ 2002ರಲ್ಲಿ ವರದಿ ಮಾಡಿದರು. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಬೇರಿನಲ್ಲಿ ನೆಲಮೂಲದ ಶಿಲೀಂಧ್ರಗಳೂ ಕಡಲಮೂಲದವೂ ಜೊತೆಯಾಗಿ ವಾಸಿಸುತ್ತವೆ. ಎಲೆಗೆ ಬರುವವು ಬಹುಪಾಲು ಗಾಳಿ ಮಳೆಗಳಿಂದ ಬರುವ ಬೀಜಕಗಳು. ಹೀಗೆ ಒಂದೇ ಮರದಲ್ಲಿ ಎರಡು ಬೇರೆ ಬೇರೆ ಊರುಗಳು!

ಇವು ಅಲ್ಲಿ ಮಾಡುವುದೇನು? ಒಂದು ಕೆಲಸ ಚೆನ್ನಾಗಿ ತಿಳಿದಿದೆ. ಎಳೆಯ ಎಲೆಗಿಂತ ಬಲಿತ ಎಲೆಯಲ್ಲಿ ಇವುಗಳ ಸಂಖ್ಯೆ ಹೆಚ್ಚು. ಹಣ್ಣಾದ ಎಲೆ ಉದುರಿದಾಗ ಒಳಗಿದ್ದ ಕೆಲವು ಶಿಲೀಂಧ್ರಗಳೇ ಅದನ್ನು ಕೊಳೆಯಿಸಲು ತೊಡಗುತ್ತವೆ. ಕೊಳೆತ ಎಲೆ ಏಡಿಗೆ, ಸೀಗಡಿಗೆ, ಮೀನುಮರಿಗೆ ಆಹಾರ. ಮೀನುಗಾರನ ಬಲೆಯ ಲೆಕ್ಕ ಎಲೆಯೊಳಗೇ ಆರಂಭವಾಗಿರುತ್ತದೆ.

ಇನ್ನೊಂದು ಸಾಧ್ಯತೆ ಕೃಷಿಗೆ ಸಂಬಂಧಿಸಿದ್ದು. ಕಡಲತೀರದ ಒಂದು ಹುಲ್ಲಿನ ಅಂತರ್ವಾಸಿಯನ್ನು ಭತ್ತಕ್ಕೆ ಸೇರಿಸಿದಾಗ ಭತ್ತ ಉಪ್ಪನ್ನು ಹೆಚ್ಚು ತಾಳಿತೆಂದು 2008ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತ ಬಂದಿದೆ. ಅದರ ತಾಳಿಕೆ ಪೂರ್ತಿ ಅದರದೇ, ಅಥವಾ ಒಳಗಿನ ಜೊತೆಗಾರರದೂ ಪಾಲಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಪ್ರಯೋಗಾಲಯದ ಫಲವನ್ನು ಗದ್ದೆಯ ಫಲವೆಂದು ಮಾರುವವರೂ ಬರುತ್ತಾರೆ, ಎಚ್ಚರವಿರಲಿ.

ಕಡಲಂಚಿನ ಈ ಮಾತು ಘಟ್ಟದ ಮೇಲಿನವರಿಗೇಕೆ? ಶಿರಸಿಯ ಸೀಮೆಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು. ನೆರೆಯ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುದಾಗಾರಗಳಿಂದ ವರ್ಷವಿಡೀ ಬಿಡುವ ಸಿಹಿನೀರಿನಿಂದ ಅಳಿವೆಯ ಉಪ್ಪು ತಗ್ಗಿ, ಬಳಚು ಮೊದಲಾದ ಚಿಪ್ಪುಜೀವಿಗಳು ಕ್ಷೀಣಿಸಿದವು. ಅಘನಾಶಿನಿಯ ನೀರನ್ನು ವೇದಾವತಿಯ ಕಡೆಗೆ ತಿರುಗಿಸುವ ಪ್ರಸ್ತಾಪದಲ್ಲಿ ಅಪಾಯ ತಿರುಗುಮುರುಗು: ಸಿಹಿನೀರು ಕುಗ್ಗಿದರೆ ಉಪ್ಪು ಏರುತ್ತದೆ. ಉಪ್ಪು ಬದಲಾದರೆ ಯಾವ ಜಾತಿಯ ಕಾಂಡ್ಲಾ ಎಲ್ಲಿ ನಿಲ್ಲುವುದೆಂಬುದು ಬದಲಾಗುತ್ತದೆ. ಒಂದು ಮರದೊಳಗೆ ಪ್ರಬಲವಾದ ಶಿಲೀಂಧ್ರ ಇನ್ನೊಂದರಲ್ಲಿ ಪ್ರಬಲವಾಗಿರಬೇಕೆಂದಿಲ್ಲ. ಮರ ಹೋದರೆ ಅದರ ಒಳಬಳಗವೂ ಚದುರುತ್ತದೆ.

ವಿದ್ಯಾರ್ಥಿಗಳು ಈ ಗಣತಿಯನ್ನು ಈಗಲೇ ಕೈಗೊಳ್ಳಬಹುದು. ಅಳಿವೆಯ ಬಾಯಿ, ನಡುಭಾಗ, ಮೇಲ್ಭಾಗಗಳಿಂದ, ಮಳೆ ಮುಗಿದೊಡನೆ ಒಮ್ಮೆ, ಬೇಸಗೆಯಲ್ಲಿ ಒಮ್ಮೆ, ಗುರುತು ಹಾಕಿದ ಅವೇ ಮರಗಳ ಎಲೆಗಳನ್ನು ಕೊಯ್ದು, ಸ್ಥಳದ ನೀರಿನ ಉಪ್ಪನ್ನೂ ಅಳೆದು ಬರೆದಿಟ್ಟು, ಎಲೆ ಬಾಡುವ ಮುನ್ನ ಹತ್ತಿರದ ಕಾಲೇಜಿನ ಪ್ರಯೋಗಾಲಯಕ್ಕೆ ತಲುಪಿಸಿದರೆ ಸಾಕು.