ಕರಸ್ಥಲವೂ ಕೈಯ ಯಂತ್ರವೂ



ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡ ಕೃಷ್ಣೆಯೇ ಮುಂದೆ ದೇವದುರ್ಗದ ಸೀಮೆಗೆ ಹರಿದು ಬರುವಳು. ಆದ್ದರಿಂದ ಗುಂಜಹಳ್ಳಿ, ಮಾನವಿ, ರಾಯಚೂರುಗಳ ಭಕ್ತರಿಗೆ ಆ ಕ್ಷೇತ್ರವು ಪರಸ್ಥಳವಲ್ಲ. ಪೂರ್ವದಲ್ಲಿ ಯಾತ್ರಿಕರು ದಾರಿಯನ್ನು ಊರೂರಲ್ಲಿ ಕೇಳಿ ತಿಳಿಯುತ್ತಿದ್ದರು. ಇಂದು ಲಿಂಗಸುಗೂರು, ಹುನಗುಂದಗಳ ಮಾರ್ಗವನ್ನು ಅಂಗೈಯ ಮೊಬೈಲು ಫೋನೇ ತೋರುವುದು.

ಈ ಯಂತ್ರವನ್ನು ಬರಿದೇ ಹಳಿಯುವುದು ವಿವೇಕವಲ್ಲ. ಶರಣರ ವಚನಗಳು ಬಹುಕಾಲ ತಾಡವೋಲೆಯ ಕಟ್ಟುಗಳಲ್ಲಿ ಅಡಗಿದ್ದುವು. ಫ. ಗು. ಹಳಕಟ್ಟಿಯವರು ಮನೆಮನೆಗೆ ತಿರುಗಿ ಅವನ್ನು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅಂದು ಮುದ್ರಣಯಂತ್ರವು ಮಾಡಿದ ಉಪಕಾರವನ್ನು ಇಂದು ಗಣಕಯಂತ್ರವು ಮುಂದುವರಿಸಿದೆ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಸೇರಿವೆ. ಒಂದು ಪದವನ್ನು ಹುಡುಕಿದರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂಬುದು ಕ್ಷಣದಲ್ಲಿ ತಿಳಿಯುವುದು. ಗುಂಜಹಳ್ಳಿಯ ರೈತನ ಮಗಳಿಗೂ ಮಹಾಪಂಡಿತನಿಗೂ ಇಲ್ಲಿ ಭೇದವಿಲ್ಲ. ಇದು ಶರಣಧರ್ಮಕ್ಕೆ ಒಪ್ಪುವ ಮಾತೇ ಸರಿ.

ಆದರೆ ಕ್ಷೇತ್ರದಲ್ಲಿ ನಡೆಯುತ್ತಿರುವುದೇನು? ಬಸವಣ್ಣನವರ ಐಕ್ಯಸ್ಥಳವು ನಾರಾಯಣಪುರದ ಜಲಾಶಯದ ಹಿನ್ನೀರಿನಲ್ಲಿ ಮುಳುಗದಂತೆ ಸುತ್ತಲೂ ಗೋಡೆಯೆತ್ತಿ ರಕ್ಷಿಸಲಾಗಿದೆ. ಯಾತ್ರಿಕನು ಮೆಟ್ಟಿಲುಗಳನ್ನಿಳಿದು ಅಲ್ಲಿಗೆ ಹೋಗಬೇಕು. ಆ ಇಳಿತವೇ ಮನಸ್ಸನ್ನು ಒಳಮುಖ ಮಾಡತಕ್ಕದ್ದು. ಅಲ್ಲಿಯೂ ಸೆಲ್ಫಿಯೆಂಬ ಸ್ವಚಿತ್ರವನ್ನು ತೆಗೆಯಬೇಕಾದರೆ ಐಕ್ಯಸ್ಥಳಕ್ಕೆ ಬೆನ್ನು ಮಾಡಿಯೇ ನಿಲ್ಲಬೇಕು! ನೋಡಲು ಬಂದವನು ನೋಡದೆಯೇ ಮರಳಿದಂತಾಯಿತು.

ಮುಜರಾಯಿ ಇಲಾಖೆಗೆ ಸೇರಿದ ದೇವಾಲಯಗಳೊಳಗೆ ಮೊಬೈಲು ಫೋನಿನ ಬಳಕೆಯನ್ನು ಕರ್ನಾಟಕ ಸರಕಾರವು ೨೦೨೩ರಲ್ಲಿ ನಿಷೇಧಿಸಿತು. ಇತರ ಭಕ್ತರಿಗೆ ತೊಂದರೆಯಾಗಬಾರದೆಂಬುದೇ ಅದರ ಉದ್ದೇಶ. ಲಿಂಗವಂತನಿಗಾದರೋ ಈ ಪ್ರಶ್ನೆಯು ಸರಕಾರದ ಆಜ್ಞೆಯಿಂದ ತೀರುವಂಥದಲ್ಲ. ಗುಡಿಯ ಬಾಗಿಲಿಗೆ ಕಾವಲುಗಾರನುಂಟು. ಮನೆಯ ಪೂಜೆಯ ಮಣೆಗೆ ಕಾವಲುಗಾರನಾರು? ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿ ಎವೆಯಿಕ್ಕದೆ ನೋಡಬೇಕಾದ ದೃಷ್ಟಿಯನ್ನೇ ಆ ಬೆಳಕಿನ ಪರದೆಯೂ ಬೇಡುತ್ತಿದೆ. ಅಂಗೈಯೂ ಅದೇ, ದೃಷ್ಟಿಯೂ ಅದೇ. ಎರಡಕ್ಕೂ ಏಕಕಾಲದಲ್ಲಿ ಅದನ್ನು ಒಪ್ಪಿಸಲು ಬಾರದು.

ಆದುದರಿಂದ ದಾರಿ ತಿಳಿಯಲು, ವಚನವನ್ನೋದಲು, ನಡೆಯಲಾರದ ವೃದ್ಧರಿಗೆ ಕ್ಷೇತ್ರವನ್ನು ತೋರಿಸಲು ಯಂತ್ರವು ಇರಲಿ; ದರ್ಶನಕಾಲದಲ್ಲಿಯೂ ಲಿಂಗಪೂಜೆಯಲ್ಲಿಯೂ ಅದು ಚೀಲವನ್ನು ಸೇರಲಿ. ಯಾತ್ರೆಯಿಂದ ಮರಳಿದ ಮಕ್ಕಳನ್ನು ಹಿರಿಯರು ‘ಎಷ್ಟು ಚಿತ್ರ ತಂದಿರಿ?’ ಎಂದು ಕೇಳದೆ, ‘ಯಾವ ವಚನ ಕಲಿತು ಬಂದಿರಿ?’ ಎಂದು ಕೇಳುವ ಪದ್ಧತಿಯು ಮನೆಮನೆಯಲ್ಲಿ ಬೆಳೆಯಲಿ.